ಕ್ಲೀನರ್ ಸೈಡ್ ಕನ್ನಡಿ ಒಡೆದಿದೆ, ಟೇಪ್ ಸುತ್ತಿ ಓಡಿಸು ಅಂತಾರೆ. ಏನು ಮಾಡಲಿ?

ಎರಡನೇ ಗೇರ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಪಾರ್ಸೆಲ್ ವ್ಯಾನ್ ಓಡಿಸುವವನು. ಇದು ಆರನೇ ವರ್ಷ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಂಗಳವಾರ ಮಧ್ಯಾಹ್ನ ಇಕ್ಕಟ್ಟಾದ ರಸ್ತೆಯೊಂದರಲ್ಲಿ ಎದುರಿನಿಂದ ಇನ್ನೊಂದು ವ್ಯಾನ್ ಬಂತು. ದಾರಿ ಬಿಡೋಣ ಅಂತ ಪಕ್ಕದಲ್ಲಿ ನಿಂತಿದ್ದ ಲಾರಿಯ ಕಡೆಗೆ ಒತ್ತಿದೆ. ನಡೆದುಕೊಂಡು ಹೋಗುವಷ್ಟು ವೇಗ, ಅಷ್ಟೇ. ಲಾರಿಯಲ್ಲಿ ಹಗ್ಗ ಕಟ್ಟುವ ಕೊಕ್ಕೆ ಇರುತ್ತಲ್ಲ, ಅದು ನನ್ನ ಕ್ಲೀನರ್ ಸೈಡ್ ಕನ್ನಡಿಗೆ ತಗುಲಿತು. ಟಪ್ ಅಂತ ಒಂದೇ ಸದ್ದು. (ಕ್ಲೀನರ್ ಸೈಡ್ ಅಂತ ಬಾಯಿಗೆ ಬರುತ್ತೆ, ನನ್ನ ವ್ಯಾನಿಗೆ ಕ್ಲೀನರ್ ಎಲ್ಲಿಂದ ಬರಬೇಕು. ಆ ಸೀಟಿನಲ್ಲಿ ಕೂರುವುದು ವಾಪಸ್ ಬಂದ ಪಾರ್ಸೆಲ್‌ಗಳು.) ಪ್ಲಾಸ್ಟಿಕ್ ಕವರಿಗೆ ಏನೂ ಆಗಲಿಲ್ಲ. ಗಾಜು ಮಾತ್ರ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು. ಕೆಳಗಿನ ಮೂಲೆಯ ಒಂದು ತುಂಡು ರಸ್ತೆಗೆ ಬಿತ್ತು.

ತಪ್ಪು ನನ್ನದೇ. ಇಳಿದು ಕನ್ನಡಿ ಮಡಚಿ ಹೋಗಬಹುದಿತ್ತು, ಹೋಗಲಿಲ್ಲ. ಅದರಲ್ಲಿ ವಾದ ಇಲ್ಲ.

ಇನ್ನೂ 41 ಡೆಲಿವರಿ ಬಾಕಿ ಇತ್ತು. ಶಿಫ್ಟ್ ಇನ್‌ಚಾರ್ಜ್‌ಗೆ ಫೋನ್ ಮಾಡಿದೆ. "ಟೇಪ್ ಇದೆಯಲ್ಲ, ಸುತ್ತಿಕೊಂಡು ಮುಗಿಸಿ ಬಾ. ಸಂಜೆ ನೋಡೋಣ" ಅಂದರು. ಪಾರ್ಸೆಲ್‌ಗೆ ಹಾಕುವ ಕಂದು ಟೇಪೇ. ಅಂಚಿನ ಸುತ್ತ ಹಾಕಿ, ಮಧ್ಯೆ ನೋಡಲು ಸ್ವಲ್ಪ ಜಾಗ ಬಿಟ್ಟೆ.

ಈಗ ಯಾರಿಗೂ ಹೇಳದೇ ಇರುವ ವಿಷಯ. ಅವತ್ತು ಸಂಜೆ ಒಂದು ಕಡೆ ಕ್ಲೀನರ್ ಸೈಡಿಗೆ ತಿರುಗಬೇಕಿತ್ತು. ಕನ್ನಡಿ ನೋಡಿದೆ. ಒಬ್ಬ ಸೈಕಲ್‌ನವನು ಮೂರು ತುಂಡಿನಲ್ಲಿ ಮೂರು ಜನ ಆಗಿ ಕಂಡ. ಆಮೇಲೆ ಕಾಣಲಿಲ್ಲ. ಮುಂದೆ ಹೋದ ಅಂದುಕೊಂಡು ಸ್ಟೇರಿಂಗ್ ತಿರುಗಿಸಿದೆ. ಯಾರೋ ಅಂಗೈಯಿಂದ ವ್ಯಾನಿನ ತಗಡಿಗೆ ಜೋರಾಗಿ ಬಡಿದ ಸದ್ದು. ಬ್ರೇಕ್ ಒತ್ತಿದೆ. ಅವನು ಹೋಗಿರಲಿಲ್ಲ, ಗಾಜು ಬಿದ್ದುಹೋಗಿದ್ದ ಮೂಲೆಯಲ್ಲಿದ್ದ. ಏನೂ ಆಗಲಿಲ್ಲ. ಬೈದು ಹೋದ. ನಾನು ಒಂದೈದು ನಿಮಿಷ ಗಾಡಿ ಬದಿಗೆ ಹಾಕಿ ಸುಮ್ನೆ ಕೂತಿದ್ದೆ.

ಬುಧವಾರ ನನಗೆ ರಜೆ. ಆ ವ್ಯಾನನ್ನು ಹೊಸ ಹುಡುಗನೊಬ್ಬನಿಗೆ ಕೊಟ್ಟಿದ್ದಾರೆ, ಟೇಪ್ ಸಮೇತ. ಗುರುವಾರ ನನ್ನ ಕೈಗೆ ವಾಪಸ್ ಬಂತು, ಅದೇ ಟೇಪ್. ಬೆಳಗಿನ ಚೆಕ್ ಶೀಟ್ ನೋಡಿದೆ. "ಕನ್ನಡಿಗಳು: ಸರಿ" ಅಂತ ಟಿಕ್ ಇತ್ತು. ಹುಡುಗ ಹಾಕಿರಬೇಕು ಅಂದುಕೊಂಡು ಹತ್ತಿರ ಹಿಡಿದು ನೋಡಿದರೆ, ಟಿಕ್ ಕೂಡ ಜೆರಾಕ್ಸ್! ಯಾವಾಗಲೋ ಒಂದು ಸಲ ಎಲ್ಲದಕ್ಕೂ ಟಿಕ್ ಹಾಕಿ, ಅದನ್ನೇ ಕಟ್ಟುಗಟ್ಟಲೆ ಕಾಪಿ ತೆಗೆಸಿ ಇಟ್ಟಿದ್ದಾರೆ. ನಾವು ಕೆಳಗೆ ಸಹಿ ಹಾಕಿದರೆ ಆಯಿತು. ಆರು ವರ್ಷದಿಂದ ಹಾಕುತ್ತಿದ್ದೇನೆ, ಅವತ್ತೇ ಗಮನಿಸಿದ್ದು. ಅವತ್ತೂ ಸಹಿ ಹಾಕಿ ಹೊರಟೆ. ಸುಳ್ಳು ಯಾಕೆ ಹೇಳಲಿ.

ಕಂಪನಿಯ ನಿಯಮ ಹೀಗಿದೆ. ಗೋಡೆಯ ಮೇಲಿನ ಬೋರ್ಡಿನಲ್ಲಿ "ಸುರಕ್ಷಿತವಲ್ಲದ ವಾಹನವನ್ನು ಹೊರಗೆ ತೆಗೆಯಬಾರದು" ಅಂತ ಇದೆ. ಅದೇ ಬೋರ್ಡಿನ ಕೆಳಗೆ, ಗಾಡಿಗೆ ಏನೇ ಡ್ಯಾಮೇಜ್ ಆದರೂ ಆ ತಿಂಗಳ ಸೇಫ್ಟಿ ಬೋನಸ್ ಇಲ್ಲ, ಬಿಡಿಭಾಗದ ಅರ್ಧ ದುಡ್ಡು ಡ್ರೈವರ್ ಸಂಬಳದಿಂದ ಅಂತಲೂ ಇದೆ. ಅದಕ್ಕೇ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಕನ್ನಡಿ ಗಾಜು ಕತ್ತರಿಸಿ ಅಂಟಿಸಿಕೊಡುವವನ ನಂಬರ್ ಎಲ್ಲರ ಫೋನಿನಲ್ಲೂ ಇದೆ.

ಕೇಳಬೇಕಾದದ್ದು: ಈ ಸ್ಥಿತಿಯಲ್ಲಿ ಗಾಡಿ ತೆಗೆಯಲ್ಲ ಅನ್ನಬಹುದಾ? ನಾನೇ ಗಾಜು ಹಾಕಿಸಿ ಸುಮ್ಮನಾದರೆ ಆಗುತ್ತಾ? ಆ ಸೈಕಲ್ ವಿಷಯ ಹೇಳಬೇಕಾ, ಬೇಡವಾ? ಹೇಳಿದರೆ ನನ್ನ ತಲೆಗೇ ಬರುತ್ತೆ ಅನ್ನುವ ಭಯ.

ಗ್ಯಾರೇಜ್ ಕೈ:

ಗುರು, ಮೊದಲು ಗಾಜಿನ ವಿಷಯ ಮುಗಿಸೋಣ. ಕೆಲಸದ ನಿಯಮ ತಿಳಿದವರು ಹೇಳಲಿ.

ಕತ್ತರಿಸಿ ಅಂಟಿಸುವವನ ನಂಬರ್ ಮೊದಲು ಅಳಿಸಿಬಿಡಿ. ಕ್ಲೀನರ್ ಸೈಡ್ ಗಾಜು ಸಾಮಾನ್ಯವಾಗಿ ಚಪ್ಪಟೆ ಇರುವುದಿಲ್ಲ, ಹೊರಕ್ಕೆ ಸ್ವಲ್ಪ ಉಬ್ಬಿರುತ್ತೆ. ಬರೀ ಕಣ್ಣಿಗೆ ಗೊತ್ತಾಗಲ್ಲ. ಒಂದು ಸ್ಕೇಲನ್ನು ಅಡ್ಡ ಇಟ್ಟು ನೋಡಿ, ಎರಡೂ ತುದಿಯಲ್ಲಿ ಸಂದು ಕಾಣುತ್ತೆ. ಪಕ್ಕದ ಲೇನು ಅಷ್ಟು ಅಗಲಕ್ಕೆ ಕನ್ನಡಿಯೊಳಗೆ ಬರುವುದು ಆ ಉಬ್ಬಿನಿಂದಲೇ. ಅಂಟಿಸುವವನು ಹಾಕುವುದು ಗೋಡೆಗೆ ನೇತು ಹಾಕುವ ಚಪ್ಪಟೆ ಕನ್ನಡಿಯ ತುಂಡು. ಅದರಲ್ಲಿ ಮುಖ ಚೆನ್ನಾಗಿ ಕಾಣುತ್ತೆ, ರಸ್ತೆ ಕಡಿಮೆ ಕಾಣುತ್ತೆ. ನಿಮ್ಮ ಸೈಕಲ್‌ನವನು ನಿಂತಿದ್ದ ಜಾಗ ಅದರಲ್ಲಿ ಬರುವುದೇ ಇಲ್ಲ.

ಇನ್ನೊಂದು ಕಷ್ಟ ಇದೆ. ಉಬ್ಬುಗನ್ನಡಿಯಲ್ಲಿ ಎಲ್ಲವೂ ಚಿಕ್ಕದಾಗಿ, ಇರುವುದಕ್ಕಿಂತ ದೂರ ಇದ್ದ ಹಾಗೆ ಕಾಣುತ್ತೆ. ಆರು ವರ್ಷದಲ್ಲಿ ನಿಮ್ಮ ಕಣ್ಣು ಆ ಲೆಕ್ಕಕ್ಕೆ ಒಗ್ಗಿದೆ. ಒಂದು ದಿನ ದಿಢೀರ್ ಅಂತ ಬೇರೆ ಗಾಜು ಬಂದರೆ ಅಂದಾಜು ಕೆಡುತ್ತೆ. ಎಷ್ಟು ಉಬ್ಬಿರಬೇಕು ಅನ್ನುವುದಕ್ಕೂ ಅಳತೆ ಇದೆ. ವಿಶ್ವಸಂಸ್ಥೆಯ 46ನೇ ವಾಹನ ನಿಯಮದ ಪ್ರಕಾರ ಮುಖ್ಯ ಹೊರಗನ್ನಡಿಯ ವಕ್ರತೆಯ ತ್ರಿಜ್ಯ 1200 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ದೊಡ್ಡ ಗಾಡಿಗಳಲ್ಲಿ ಕೆಳಗೆ ಇನ್ನೊಂದು ಅಗಲ ನೋಟದ ಕನ್ನಡಿ ಇರುತ್ತಲ್ಲ, ಅದಕ್ಕೆ 300 ಮಿ.ಮೀ.ವರೆಗೆ ಬಿಡುತ್ತೆ. ತ್ರಿಜ್ಯ ಕಡಿಮೆ ಆದಷ್ಟೂ ಉಬ್ಬು ಜಾಸ್ತಿ, ನೋಟ ಅಗಲ, ದೂರದ ಅಂದಾಜು ಕಷ್ಟ. ಹಾಗಾಗಿ ನಿಮ್ಮ ಮಾಡೆಲ್‌ನ ಗಾಜೇ ಬೇಕು.

ಬದಲಿಸುವುದು ದೊಡ್ಡ ಕೆಲಸ ಅಲ್ಲ. ಇಪ್ಪತ್ತು ನಿಮಿಷ ಸಾಕು. ಕೈಗವಸು ಹಾಕಬೇಕು, ಕಣ್ಣಿಗೆ ಕನ್ನಡಕ ಬೇಕು. ಒಡೆದ ಮುಖಕ್ಕೆ ಪೂರ್ತಿ ಟೇಪ್ ಹಚ್ಚಿದರೆ ಚೂರು ಚೆಲ್ಲಲ್ಲ. ಟೇಪ್ ಇರುವುದು ಇದಕ್ಕೆ, ಓಡಿಸುವುದಕ್ಕಲ್ಲ. ಆಮೇಲೆ ಒಂದು ಅಂಚಿನ ಸಂದಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೆಲ್ಲಗೆ ಮೀಟಿದರೆ ಹಿಂದಿನ ಕ್ಲಿಪ್ ಬಿಡುತ್ತೆ. ಮಂಜು ಕರಗಿಸುವ ಬಿಸಿ ಗಾಜಾದರೆ ಹಿಂದೆ ಎರಡು ತಂತಿ ಇರುತ್ತೆ, ಎಳೆದು ಕಿತ್ತುಬಿಡಬೇಡಿ. ಹೊಸದನ್ನು ಕೂರಿಸುವಾಗ ಬಟ್ಟೆ ಇಟ್ಟು ಅಂಗೈಯಿಂದ ಮಧ್ಯದಲ್ಲಿ ಒತ್ತಬೇಕು. ಟಕ್ ಅನ್ನಬೇಕು. ಮೂಲೆ ಒತ್ತಿದಿರೋ, ಹೊಸ ಗಾಜೂ ಹೋಯಿತು. ನಾನು ಕಲಿಯುವಾಗ ಹಾಗೆ ಒಂದೇ ದಿನ ಎರಡು ಒಡೆದಿದ್ದೇನೆ.

ಆದರೆ ಕಂಪನಿ ಗಾಡಿ, ನೀವೇ ಕೈ ಹಾಕಬೇಡಿ. ನಾಳೆ ಆ ಗಾಜು ರಸ್ತೆಯಲ್ಲಿ ಕಳಚಿ ಬಿದ್ದರೆ "ಯಾರು ಹಾಕಿದ್ದು" ಅಂತ ಕೇಳುತ್ತಾರೆ.

ಖಾಲಿ ಟ್ಯಾಂಕ್:

ಇಷ್ಟೆಲ್ಲಾ ಯಾಕೆ ತಲೆ ಕೆಡಿಸಿಕೊಳ್ತೀಯ ಗುರು. ಸರಿಯಾದ ಗಾಜೇ ತಗೋ, ಹಾಕಿಸು, ಬಾಯಿ ಮುಚ್ಚಿಕೊಂಡಿರು. ನಾನು ಎರಡು ಸಲ ಹಾಗೇ ಮಾಡಿದ್ದೇನೆ. ನಮ್ಮಲ್ಲಿ ಹೇಳಿದವನ ಬೋನಸ್ ಹೋಯಿತು, ಹೇಳದವನಿಗೆ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

ಎರಡನೇ ಗೇರ್:

ಅಣ್ಣಾ, ನೀವು ಹೇಳುವುದು ಸುಳ್ಳಲ್ಲ. ಮಂಗಳವಾರ ರಾತ್ರಿ ನಾನೂ ಅದನ್ನೇ ಯೋಚಿಸಿದ್ದೆ. ಆದರೆ ಆ ಹುಡುಗ ಕೆಲಸಕ್ಕೆ ಸೇರಿ ಇನ್ನೂ ನಾಲ್ಕನೇ ವಾರ. ಗುರುವಾರ ಕೀ ಕೊಡುವಾಗ "ಅಣ್ಣಾ, ಕನ್ನಡಿ ಹೀಗೇ ಇರುತ್ತಾ?" ಅಂತ ಕೇಳಿದ. ನಾನು "ಹುಷಾರಾಗಿ ನೋಡ್ಕೋ" ಅಂದೆ, ಅಷ್ಟೇ. ಮೊನ್ನೆ ತಗಡಿಗೆ ಬಡಿದ ಸದ್ದು ನಾನು ಕೇಳಿದ್ದೇನೆ, ಅವನು ಕೇಳಿಲ್ಲ. ಅದು ಕೊರೆಯುತ್ತಿದೆ.

ಬೆಳಗಿನ ಐದು ಗಂಟೆ:

ನಾನು ಹನ್ನೊಂದು ವರ್ಷ ವ್ಯಾನ್ ಓಡಿಸಿ, ಈಗ ನಿಮ್ಮ ಇನ್‌ಚಾರ್ಜ್ ಕೂತಿರುವಂಥ ಕುರ್ಚಿಯಲ್ಲೇ ಕೂತಿದ್ದೇನೆ. ಹೆಂಗಸು ಕೂತಿದ್ದಾಳೆ ಅಂತ ಶುರುವಿನಲ್ಲಿ ಕೆಲವರಿಗೆ ಇರಿಸುಮುರಿಸು ಇತ್ತು. ಈಗ ಎಲ್ಲ ಮೇಡಂ ಅಂತಲೇ ಬರುತ್ತಾರೆ, ಸಿಟ್ಟು ಬಂದಾಗಲೂ.

ನಿಮ್ಮ ಮೊದಲ ತಪ್ಪು ಕನ್ನಡಿ ಒಡೆದದ್ದಲ್ಲ, ಬರೀ ಫೋನ್ ಮಾಡಿದ್ದು. ಟೇಪ್ ಸುತ್ತು ಅಂದ ಮಾತಿಗೆ ಈಗ ಸಾಕ್ಷಿ ಏನಿದೆ? ನಿಮ್ಮ ಸಹಿ ಇರುವ ಶೀಟ್ ಮಾತ್ರ ಇದೆ. ಅದರ ಪ್ರಕಾರ ಕನ್ನಡಿ ಸರಿ ಇದೆ, ಹಾಗಂತ ಹೇಳಿದವರು ನೀವು. ನಾಳೆ ಏನಾದರೂ ಆದರೆ ಮೊದಲು ಮೇಜಿನ ಮೇಲೆ ಬರುವುದು ಆ ಹಾಳೆ. ಆ ಜೆರಾಕ್ಸ್ ಟಿಕ್ ಕಂಪನಿಯನ್ನು ಕಾಯುತ್ತೆ, ನಿಮ್ಮನ್ನಲ್ಲ.

ಹಾಗಾಗಿ ನಾಳೆ ಕೀ ಮುಟ್ಟುವ ಮೊದಲು ಫೋಟೋ ತೆಗೆದು ಮೆಸೇಜ್ ಮಾಡಿ. ಸಿಟ್ಟು ಬೇಡ, ಬೆದರಿಕೆ ಬೇಡ. ಹೀಗೆ ಬರೆಯಿರಿ: "ಮಂಗಳವಾರ ಒಡೆದ ಕ್ಲೀನರ್ ಸೈಡ್ ಕನ್ನಡಿ ಇನ್ನೂ ಬದಲಾಗಿಲ್ಲ. ಹಿಂದೆ ಕಿಟಕಿ ಇಲ್ಲದ ವ್ಯಾನ್ ಆದ್ದರಿಂದ ಆ ಬದಿಗೆ ನೋಡಲು ಬೇರೆ ದಾರಿ ಇಲ್ಲ. ಮಂಗಳವಾರ ಸಂಜೆ ತಿರುವಿನಲ್ಲಿ ಸೈಕಲ್ ಸವಾರರೊಬ್ಬರು ಕಾಣದೆ ಸ್ವಲ್ಪದರಲ್ಲಿ ತಪ್ಪಿತು. ಬೇರೆ ವ್ಯಾನ್ ಕೊಟ್ಟರೆ ಈಗಲೇ ಹೊರಡುತ್ತೇನೆ." ಕೊನೆಯ ಸಾಲು ಮರೆಯಬೇಡಿ. ನೀವು ಕೆಲಸ ಬಿಟ್ಟು ಕೂತಿಲ್ಲ, ಆ ಗಾಡಿಯನ್ನು ಮಾತ್ರ ಬೇಡ ಅನ್ನುತ್ತಿದ್ದೀರಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಬೇಡ ಅನ್ನಬಹುದಾ ಅಂದಿರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 155ನೇ ಒಡಂಬಡಿಕೆ ಅಂತ ಒಂದಿದೆ, 1981ರದ್ದು. ಅದರ 13ನೇ ವಿಧಿ ಹೇಳುವುದು ಇಷ್ಟು: ತನ್ನ ಜೀವಕ್ಕೋ ಆರೋಗ್ಯಕ್ಕೋ ಗಂಭೀರ ಅಪಾಯ ಎದುರಿಗೇ ಇದೆ ಅಂತ ನಂಬಲು ತಕ್ಕ ಕಾರಣ ಇದ್ದು ಕೆಲಸದಿಂದ ಹಿಂದೆ ಸರಿದವನಿಗೆ ಅದಕ್ಕಾಗಿ ಅನ್ಯಾಯದ ಶಿಕ್ಷೆ ಆಗಬಾರದು. 2022ರಲ್ಲಿ ಇದನ್ನು ಸಂಸ್ಥೆಯ ಮೂಲಭೂತ ಒಡಂಬಡಿಕೆಗಳ ಸಾಲಿಗೆ ಸೇರಿಸಿದರು. ಇದು ದೇಶದ ಕಾನೂನಿನ ಮೂಲಕ ನಿಮ್ಮ ತನಕ ಬರಬೇಕು, ಆದ್ದರಿಂದ ನಿಮ್ಮ ಕಡೆ ಏನಿದೆ ಅಂತ ಯೂನಿಯನ್‌ನಲ್ಲೋ ಕಾರ್ಮಿಕ ಇಲಾಖೆಯಲ್ಲೋ ಕೇಳಿಕೊಳ್ಳಿ. ಆದರೆ ಒಂದು ಮಾತು ಗಮನಿಸಿ, "ತಕ್ಕ ಕಾರಣ". ಕನ್ನಡಿ ಒಡೆದಿದೆ ಅಂದರೆ ಅರ್ಧ ಕಾರಣ. ಕನ್ನಡಿ ಒಡೆದಿದೆ, ಅದರಿಂದ ಒಬ್ಬ ಮನುಷ್ಯ ನನಗೆ ಕಾಣಲಿಲ್ಲ ಅಂದರೆ ಮಾತಿಗೆ ತೂಕ ಜಾಸ್ತಿ. ನೀವು ಮುಚ್ಚಿಡಬೇಕು ಅಂದುಕೊಂಡಿರುವ ಸೈಕಲ್ ವಿಷಯವೇ ನಿಮ್ಮ ಕೈ ಹಿಡಿಯುವುದು.

ದುಡ್ಡಿನ ಮಾತು. ಅದೇ ಒಡಂಬಡಿಕೆಯ 21ನೇ ವಿಧಿಯಲ್ಲಿ ಸುರಕ್ಷತಾ ಕ್ರಮಗಳ ಖರ್ಚು ಕಾರ್ಮಿಕರ ಮೇಲೆ ಬೀಳಬಾರದು ಅಂತ ಇದೆ. ನೀವೇ ತಾಗಿಸಿ ಒಡೆದದ್ದಕ್ಕೂ ಅದು ಬರುತ್ತಾ ಅಂತ ಅವರು ವಾದ ಮಾಡುತ್ತಾರೆ, ಮಾಡಲಿ. ಯಾರ ತಪ್ಪು, ಯಾರ ದುಡ್ಡು ಅನ್ನುವುದು ಒಂದು ಜಗಳ. ಇವತ್ತು ಈ ಗಾಡಿ ರಸ್ತೆಗೆ ಇಳಿಯಬಹುದಾ ಅನ್ನುವುದು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ, ಕಟ್ಟಿದರೆ ಮೊದಲನೆಯದರಲ್ಲೇ ವಾರ ಕಳೆಯುತ್ತೆ.

ಇನ್‌ಚಾರ್ಜ್ ಕೆಟ್ಟವರು ಅಂತ ನಾನು ಅನ್ನಲ್ಲ. ಮೇಲಿನವರು ನಮ್ಮನ್ನು ಕೇಳುವುದು ಎಷ್ಟು ಗಾಡಿ ಹೊರಗೆ ಹೋಯಿತು ಅಂತ, ಹೇಗೆ ಹೋಯಿತು ಅಂತಲ್ಲ. ನಾನು ಈ ಕುರ್ಚಿಗೆ ಬಂದಾಗ ಇಲ್ಲೂ ಬೋನಸ್ ಕಡಿತ ಇತ್ತು. ಡ್ಯಾಮೇಜ್ ಪುಸ್ತಕದ ಎರಡು ತಿಂಗಳ ಪುಟ ಖಾಲಿ. ಹೊರಗೆ ಬಂದು ಗಾಡಿಗಳ ಸುತ್ತ ಒಂದು ಸುತ್ತು ಹಾಕಿದೆ. ನಾಲ್ಕರಲ್ಲಿ ಕನ್ನಡಿ ಬಿರುಕು, ಒಂದರಲ್ಲಿ ಅಂಟಿಸಿದ ಚಪ್ಪಟೆ ತುಂಡು, ಗ್ಯಾರೇಜ್ ಕೈ ಹೇಳಿದಂಥದ್ದೇ. ಜಗಳ ಮಾಡಿ ಕಡಿತ ನಿಲ್ಲಿಸಿದೆ, ಮೂರು ಮಾಡೆಲ್‌ನ ಗಾಜು ತರಿಸಿ ಕಪಾಟಿನಲ್ಲಿಟ್ಟೆ. ಮುಂದಿನ ತಿಂಗಳು ಪುಸ್ತಕ ತುಂಬಿತು. "ನೀವು ಬಂದ ಮೇಲೆ ಡ್ಯಾಮೇಜ್ ಜಾಸ್ತಿ ಆಗಿದೆಯಲ್ಲ" ಅಂತ ನನಗೇ ನೋಟಿಸ್ ಬಂತು. ಆ ಉತ್ತರ ಬರೆಯಲು ಒಂದು ಭಾನುವಾರ ಹೋಯಿತು.

ಹಳೇ ಸ್ಟೇರಿಂಗ್:

ಮೇಡಂ ಬರೆದದ್ದಕ್ಕೆ ನಾನು ಸೇರಿಸುವುದು ಜಾಸ್ತಿ ಇಲ್ಲ. ಲಾರಿ ಓಡಿಸಿ ಬಿಟ್ಟವನು, ನಮ್ಮ ಕಾಲದಲ್ಲಿ ಆ ಸೀಟಿನಲ್ಲಿ ನಿಜವಾಗಿಯೂ ಕ್ಲೀನರ್ ಇರುತ್ತಿದ್ದ. ಕಿಟಕಿಯಿಂದ ತಲೆ ಹೊರಗೆ ಹಾಕಿ, ನಿಲ್ಲಿಸು, ಹೋಗು ಅಂತ ತಗಡಿಗೆ ಬಡಿದೇ ಹೇಳುತ್ತಿದ್ದ. ನಿನಗೆ ಆ ಸೈಕಲ್‌ನವನು ಬಡಿದದ್ದು ಓದಿ ಅದೇ ನೆನಪಾಯಿತು ಮಗಾ.

1911ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಯ ಮೊದಲ ರೇಸು ನಡೆಯಿತು. ಎಲ್ಲರ ಕಾರಿನಲ್ಲೂ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್, ಹಿಂದೆ ಯಾರು ಬರುತ್ತಿದ್ದಾರೆ ಅಂತ ಹೇಳುವುದಕ್ಕೆ. ರೇ ಹರೂನ್ ಅನ್ನುವವನು ಮಾತ್ರ ಒಬ್ಬನೇ ಕೂತ. ಇದು ಅಪಾಯ ಅಂತ ಉಳಿದವರು ತಕರಾರು ತೆಗೆದರು. ಅವನು ಮೆಕ್ಯಾನಿಕ್ ಬದಲು ಒಂದು ಕನ್ನಡಿ ಕೂರಿಸಿಕೊಂಡ, ಗೆದ್ದೂಬಿಟ್ಟ. ತಮಾಷೆ ಅಂದರೆ, ಇಟ್ಟಿಗೆ ಹಾಸಿದ ಟ್ರ್ಯಾಕ್ ಮೇಲೆ ಆ ಕನ್ನಡಿ ಎಷ್ಟು ಅಲ್ಲಾಡುತ್ತಿತ್ತು ಅಂದರೆ ಅದರಿಂದ ಹೆಚ್ಚೇನೂ ಉಪಯೋಗ ಆಗಲಿಲ್ಲ ಅಂತ ಆಮೇಲೆ ಅವನೇ ಒಪ್ಪಿಕೊಂಡ. ಟೇಪ್ ಸುತ್ತಿದ ಕನ್ನಡಿಯೂ ಅದೇ ಜಾತಿ. ಇದೆ ಅನ್ನಿಸುತ್ತೆ, ಇರುವುದಿಲ್ಲ. ಪೂರ್ತಿ ಇಲ್ಲದಿದ್ದರೆ ನೀನು ಇಳಿದಾದರೂ ನೋಡುತ್ತಿದ್ದೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತೆ. ಮೂರು ತುಂಡಿನಲ್ಲಿ ನಿಜವಾದ ಸೈಕಲ್ ಯಾವುದು ಅಂತ ಎರಡು ಸೆಕೆಂಡ್ ಹುಡುಕಿದರೆ 28 ಮೀಟರ್ ಮುಂದೆ ನೋಡದೆ ಹೋದ ಹಾಗೆ. ಆ ಬೋನಸ್ಸಂತೂ ಕನ್ನಡಿಯೊಳಗಿನ ಗಂಟು, ಅದನ್ನು ನಂಬಿ ಗಾಡಿ ತೆಗೆಯಬೇಡ.

ಹೊಸ ಗಾಜು ಹಾಕಿದ ಮೇಲೆ ನೀನು ಕೂರುವ ಹಾಗೇ ಕೂತು ಹೊಂದಿಸಿಕೋ. ವ್ಯಾನಿನ ಮೈ ಒಳ ಅಂಚಿನಲ್ಲಿ ಒಂದು ಸಣ್ಣ ಗೆರೆಯಷ್ಟು ಕಾಣಬೇಕು, ಸಾಕು. ಹೆಚ್ಚಿನವರು ಕಾಲು ಭಾಗ ತಮ್ಮ ಗಾಡಿಯನ್ನೇ ನೋಡಿಕೊಂಡು ಓಡಿಸುತ್ತಾರೆ.

ಎರಡನೇ ಗೇರ್:

ಏನಾಯಿತು ಅಂತ ಹೇಳಿಬಿಡುತ್ತೇನೆ.

ಶುಕ್ರವಾರ ಬೆಳಿಗ್ಗೆ ಮೇಡಂ ಬರೆದುಕೊಟ್ಟ ಮೆಸೇಜನ್ನು ಹೆಚ್ಚು ಕಡಿಮೆ ಹಾಗೇ ಕಳಿಸಿದೆ. ಕಳಿಸುವಾಗ ಕೈ ನಡುಗುತ್ತಿತ್ತು. ನಲವತ್ತು ನಿಮಿಷ ಉತ್ತರ ಇಲ್ಲ. ಲೋಡ್ ಮಾಡುವವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಇನ್‌ಚಾರ್ಜ್ ಖುದ್ದಾಗಿ ಬಂದರು. ಕನ್ನಡಿ ನೋಡಿದರು, ಡ್ರೈವರ್ ಸೀಟಿನಲ್ಲಿ ಕೂತೂ ನೋಡಿದರು. "ಸೈಕಲ್ ವಿಷಯ ಅವತ್ತೇ ಯಾಕೆ ಹೇಳಲಿಲ್ಲ?" ಅಂದರು. ನಾನು ಬೋರ್ಡ್ ಕಡೆ ಕೈ ತೋರಿಸಿದೆ. ಅವರು ಮತ್ತೇನೂ ಹೇಳಲಿಲ್ಲ. ಚಿಕ್ಕ ವ್ಯಾನ್ ಕೊಟ್ಟರು. ಹನ್ನೆರಡು ಪಾರ್ಸೆಲ್ ಹಿಡಿಸಲಿಲ್ಲ, ಶನಿವಾರಕ್ಕೆ ಹೋಯಿತು. ಯಾವ ಆಕಾಶವೂ ಬೀಳಲಿಲ್ಲ.

ಮಧ್ಯಾಹ್ನ ಮೆಕ್ಯಾನಿಕ್ ಬಂದು ಗಾಜು ಹಾಕಿದ. ಸಂಜೆ ನಾನು "ಹಿಂದಿನ ಎರಡು ತಂತಿ ಸಿಕ್ಕಿಸಿದ್ರಾ?" ಅಂತ ಸುಮ್ನೆ ಕೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಮತ್ತೆ ಬಿಚ್ಚಿದ. ಗ್ಯಾರೇಜ್ ಕೈ ಗುರುಗಳೇ, ನಿಮಗೆ ದೊಡ್ಡ ನಮಸ್ಕಾರ.

ಸೈಕಲ್ ವಿಷಯ ಬರೆಯಲು ಫಾರಂ ಕೇಳಿದರೆ ಅಂಥದ್ದು ಇಲ್ಲವೇ ಇಲ್ಲ. ಚೆಕ್ ಶೀಟಿನ ಹಿಂಬದಿಯಲ್ಲೇ ಬರೆದು ಕೊಟ್ಟೆ, ಫೋಟೋ ನನ್ನ ಹತ್ತಿರ ಇದೆ. ಬೋನಸ್ ಏನಾಗುತ್ತೆ ಅಂತ ತಿಂಗಳ ಕೊನೆಗೆ ಗೊತ್ತಾಗುತ್ತೆ. ಅರ್ಧ ದುಡ್ಡು ಹಿಡಿದರೆ ಅದನ್ನು ಬೇರೆಯಾಗಿ ಕೇಳುತ್ತೇನೆ, ಗಂಟು ಕಟ್ಟಲ್ಲ ಮೇಡಂ.

ಇವತ್ತು ಸೋಮವಾರ. ಬೆಳಿಗ್ಗೆ ಆ ಹೊಸ ಹುಡುಗ ತನ್ನ ಗಾಡಿ ಹಿಂದೆ ನಿಂತು ಕರೆದ. "ಅಣ್ಣಾ, ಒಂದು ಬ್ರೇಕ್ ಲೈಟ್ ಉರಿಯುತ್ತಿಲ್ಲ. ಎಲ್ಲಿ ಬರೀಲಿ? ಇದರಲ್ಲಿ ಎಲ್ಲಾ ಆಗಲೇ ಟಿಕ್ ಆಗಿದೆ." ಜೆರಾಕ್ಸ್ ಟಿಕ್ ಮೇಲೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಬರೆದೆವು. ಜಾಗ ಸಾಲಲಿಲ್ಲ, ಅಂಚಿನ ಮೇಲೆ ತಿರುಗಿಸಿ ಬರೆಯಬೇಕಾಯಿತು.